ಅದೇ ಬೆಂಚು, ಅದೇ ಪುಸ್ತಕ, ಅರ್ಥವಾಗದ ಪಾಠ

ನಾನು ಓದಿದ ಊರಿನ ಪ್ರಾಥಮಿಕ ಶಾಲೆಗೆ, ನಾಲ್ಕನೇ ತರಗತಿಯ ನಡುವರ್ಷದಲ್ಲಿ, ಹೊಸ ಹುಡುಗನೊಬ್ಬ ಬಂದು ಸೇರಿದ. ಕಲ್ಲು ಕ್ವಾರಿಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ಕುಟುಂಬದವನು. ಕನ್ನಡದ ಒಂದು ಮಾತೂ ಬಾರದು. ಆದರೆ ಮೇಷ್ಟ್ರು ಬೋರ್ಡಿನ ಮೇಲೆ ಬರೆದುದನ್ನೆಲ್ಲ ನಮಗಿಂತ ದುಂಡಾಗಿ ಪುಸ್ತಕಕ್ಕೆ ಇಳಿಸುತ್ತಿದ್ದ. 'ಅವನನ್ನು ನೋಡಿ ಕಲೀರೋ' ಎಂದು ಮೇಷ್ಟ್ರು ನಮ್ಮನ್ನು ಗದರುತ್ತಿದ್ದರು. ಒಂದು ದಿನ ಅವನ ನೋಟ್ ಪುಸ್ತಕ ನನ್ನ ಕೈಗೆ ಬಂತು. ಪ್ರತಿ ಪುಟದ ಮೂಲೆಯಲ್ಲೂ 'ಅಳಿಸಬೇಡಿ' ಎಂಬ ಪದ. ಬೋರ್ಡಿನ ಮೂಲೆಯಲ್ಲಿ ಹಾಜರಾತಿಯ ಲೆಕ್ಕ ಬರೆದು, ಯಾರೂ ಒರೆಸದಿರಲೆಂದು ಅದರ ಕೆಳಗೆ ಹಾಗೆ ಬರೆದಿರುತ್ತಿದ್ದರು. ಅದೂ ಪಾಠವೇ ಇರಬೇಕೆಂದು ಅವನು ದಿನವೂ ಬರೆದುಕೊಂಡಿದ್ದ! ನಾವು ನಕ್ಕೆವು. ವರ್ಷದ ಕೊನೆಯಲ್ಲಿ ನಮ್ಮ ಜೊತೆಗೇ ಐದನೇ ತರಗತಿಗೆ ಪಾಸಾದ. ಮುಂದಿನ ಜೂನ್‌ನಲ್ಲಿ ಶಾಲೆಗೆ ಬರಲಿಲ್ಲ.

ಆ ಹುಡುಗನಿಗೆ ಯಾರೂ ಅನ್ಯಾಯ ಮಾಡಿರಲಿಲ್ಲ. ನಾವು ಕೂತ ಬೆಂಚೇ ಅವನಿಗೂ ಇತ್ತು. ನಮಗೆ ಕೊಟ್ಟ ಪುಸ್ತಕವನ್ನೇ ಅವನಿಗೂ ಕೊಟ್ಟಿದ್ದರು. ಬಿಸಿಯೂಟವೂ ಒಂದೇ. ಎಲ್ಲರನ್ನೂ ಒಂದೇ ರೀತಿ ಕಂಡಮೇಲೆ ಶಾಲೆಯ ಹೊಣೆ ಮುಗಿಯಿತಲ್ಲವೇ?

ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಅದನ್ನು ಅಲ್ಲಿಗೆ ಒಯ್ದದ್ದು ಸ್ಯಾನ್‌ಫ್ರಾನ್ಸಿಸ್ಕೊ ನಗರದ ಚೀನೀ ವಲಸಿಗರ ಮಕ್ಕಳು. ಬೇರೆ ದೇಶದಿಂದ ಬಂದ ಮಗುವನ್ನು ಶಾಲೆ ಹೇಗೆ ಬರಮಾಡಿಕೊಳ್ಳಬೇಕು ಎಂಬ ಬಗ್ಗೆ ಇಂದು ಆ ದೇಶದಲ್ಲಿ ಇರುವ ಏರ್ಪಾಡುಗಳಲ್ಲಿ ಬಹುಪಾಲು ಆ ಒಂದು ಮೊಕದ್ದಮೆಯ ಸುತ್ತ ಬೆಳೆದವು. ಆದರೆ ಆ ನಗರದ ಕಥೆ ಅದಕ್ಕಿಂತ 90 ವರ್ಷ ಹಿಂದೆ ಆರಂಭವಾಗುತ್ತದೆ.

ಬಾಗಿಲಲ್ಲೇ ತಡೆದ ಕಾಲ

1884ರ ಸೆಪ್ಟೆಂಬರ್. ಜೋಸೆಫ್ ಟೇಪ್, ಮೇರಿ ಟೇಪ್ ಎಂಬ ಚೀನೀ ದಂಪತಿ ತಮ್ಮ 8 ವರ್ಷದ ಮಗಳು ಮೇಮಿಯನ್ನು ಸ್ಯಾನ್‌ಫ್ರಾನ್ಸಿಸ್ಕೊದ ಸ್ಪ್ರಿಂಗ್ ವ್ಯಾಲಿ ಶಾಲೆಗೆ ಸೇರಿಸಲು ಕರೆದೊಯ್ದರು. ಮುಖ್ಯೋಪಾಧ್ಯಾಯಿನಿ ಜೆನ್ನಿ ಹರ್ಲಿ ಸೇರಿಸಿಕೊಳ್ಳಲಿಲ್ಲ. ಚೀನೀಯರ ವಲಸೆಯನ್ನೇ ನಿಷೇಧಿಸುವ ಕಾಯ್ದೆ ಬಂದು ಆಗ ಎರಡು ವರ್ಷವಾಗಿತ್ತಷ್ಟೆ. ಅದಕ್ಕೂ ಮೊದಲು ಚೀನೀ ಮಕ್ಕಳಿಗೆಂದು ಇದ್ದ ಒಂದೇ ಒಂದು ಸರ್ಕಾರಿ ಶಾಲೆಯನ್ನು 1871ರಲ್ಲಿಯೇ ಮುಚ್ಚಲಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೇಮಿ ಹುಟ್ಟಿದ್ದು ಅದೇ ನಗರದಲ್ಲಿ. ಅವಳ ಮನೆಯಲ್ಲಿ ನಡೆಯುತ್ತಿದ್ದುದು ಇಂಗ್ಲಿಷ್ ಮಾತು. ತಾಯಿ ಮೇರಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದು, ಅಲ್ಲಿನ ಮಹಿಳೆಯರು ನಡೆಸುತ್ತಿದ್ದ ಆಶ್ರಯಧಾಮವೊಂದರಲ್ಲಿ ಬೆಳೆದವಳು. ಅಂದರೆ ತಡೆಯಾಗಿದ್ದುದು ಭಾಷೆಯಲ್ಲ, ಮುಖ.

ಟೇಪ್ ದಂಪತಿ ನ್ಯಾಯಾಲಯಕ್ಕೆ ಹೋದರು. 1885ರ ಜನವರಿಯಲ್ಲಿ ಕೆಳ ನ್ಯಾಯಾಲಯ, ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟ್, ಎರಡೂ ಅವರ ಪರವಾಗಿಯೇ ತೀರ್ಪು ಕೊಟ್ಟವು. ಸಾರ್ವಜನಿಕ ಶಾಲೆ ಎಲ್ಲ ಮಕ್ಕಳಿಗೂ ತೆರೆದಿರಬೇಕೆಂದು ರಾಜ್ಯದ ಕಾನೂನೇ ಹೇಳುತ್ತದೆ ಎಂಬುದು ಅದರ ಸಾರ. ಆದರೆ ನಗರದ ಶಿಕ್ಷಣಾಧಿಕಾರಿಗಳು ಸೋಲೊಪ್ಪುವವರಾಗಿರಲಿಲ್ಲ. ಅವರ ಒತ್ತಾಯಕ್ಕೆ ಶಾಸನಸಭೆ ತರಾತುರಿಯಲ್ಲಿ ಕಾನೂನನ್ನೇ ತಿದ್ದಿ, ಚೀನೀ ಮಕ್ಕಳಿಗೆ ಪ್ರತ್ಯೇಕ ಶಾಲೆ ತೆರೆಯಲು ಅವಕಾಶ ಮಾಡಿಕೊಟ್ಟಿತು. ಗೆದ್ದ ಮೇಮಿ ಏಪ್ರಿಲ್‌ನಲ್ಲಿ ಮತ್ತೆ ಸ್ಪ್ರಿಂಗ್ ವ್ಯಾಲಿ ಶಾಲೆಯ ಬಾಗಿಲಿಗೆ ಹೋದಾಗ, ಲಸಿಕೆಯ ಪ್ರಮಾಣಪತ್ರ ಸರಿಯಿಲ್ಲವೆಂಬ ನೆಪ ಎದುರಾಯಿತು. ಅಷ್ಟರಲ್ಲಿ ಪ್ರತ್ಯೇಕ ಶಾಲೆ ಸಿದ್ಧವಾಗಿತ್ತು. ಮೇರಿ ಟೇಪ್ ಶಿಕ್ಷಣ ಮಂಡಳಿಗೆ ಬರೆದ ಕೆಂಡದಂಥ ಪತ್ರ ಅಂದಿನ ಪತ್ರಿಕೆಯಲ್ಲಿ ಅಚ್ಚಾಯಿತು. ಮಗಳನ್ನು ಆ ಶಾಲೆಗೆ ಎಂದಿಗೂ ಕಳಿಸುವುದಿಲ್ಲವೆಂದು ಆಕೆ ಅದರಲ್ಲಿ ಬರೆದಿದ್ದಳು. ಕೊನೆಗೆ ಕಳಿಸಲೇಬೇಕಾಯಿತು. ಚೀನೀ ಪ್ರಾಥಮಿಕ ಶಾಲೆಗೆ ಮೊದಲು ಸೇರಿದ ಮಕ್ಕಳಲ್ಲಿ ಮೇಮಿ ಮತ್ತು ಅವಳ ತಮ್ಮ ಫ್ರಾಂಕ್ ಇದ್ದರು.

1906ರ ಭೂಕಂಪದ ನಂತರ ಈ ಶಾಲೆಗೆ 'ಓರಿಯಂಟಲ್ ಪಬ್ಲಿಕ್ ಸ್ಕೂಲ್' ಎಂಬ ಹೆಸರು ಬಂತು. ಆ ವರ್ಷದ ಅಕ್ಟೋಬರ್‌ನಲ್ಲಿ ನಗರದ ಶಿಕ್ಷಣ ಮಂಡಳಿ, ಜಪಾನೀ ಮತ್ತು ಕೊರಿಯನ್ ಮಕ್ಕಳೂ ಅಲ್ಲಿಯೇ ಓದಬೇಕೆಂದು ಆಜ್ಞೆ ಹೊರಡಿಸಿತು. ಹಾಗೆ ಕಳಿಸಬೇಕಾಗಿದ್ದ ಜಪಾನೀ ಮಕ್ಕಳ ಸಂಖ್ಯೆ ಇಡೀ ನಗರದಲ್ಲಿ 93. ಜಪಾನ್ ಸರ್ಕಾರ ಕೆರಳಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸ್ವತಃ ನಡುವೆ ಬಂದು, 1907ರಲ್ಲಿ ಜಪಾನ್‌ನೊಂದಿಗೆ ವಲಸೆಯ ಬಗ್ಗೆ ಒಪ್ಪಂದ ಮಾಡಿಕೊಂಡು, ಶಾಲೆಯ ಆಜ್ಞೆಯನ್ನು ಹಿಂದೆಗೆಸಬೇಕಾಯಿತು. ಒಂದು ನಗರದ ಶಾಲಾ ದಾಖಲಾತಿಯ ಜಗಳ ಎರಡು ದೇಶಗಳ ಜಗಳವಾದದ್ದು ಹೀಗೆ. ಚೀನೀಯರ ಬೆನ್ನಿಗೆ ಅಂಥ ಬಲವಾದ ಸರ್ಕಾರ ಇರಲಿಲ್ಲ. ಪ್ರತ್ಯೇಕ ಶಾಲೆಯ ಕಲಮುಗಳು ಕ್ಯಾಲಿಫೋರ್ನಿಯದ ಕಾನೂನಿನಿಂದ ಹೋದದ್ದು 1947ರಲ್ಲಿ. ಅದಕ್ಕೆ ಸಹಿ ಹಾಕಿದ ಗವರ್ನರ್ ಅರ್ಲ್ ವಾರೆನ್. ಏಳು ವರ್ಷಗಳ ನಂತರ, ಕರಿಯರ ಮಕ್ಕಳ ಪ್ರತ್ಯೇಕ ಶಾಲೆಗಳು ಸಂವಿಧಾನಬಾಹಿರವೆಂದು ದೇಶದ ಮುಖ್ಯ ನ್ಯಾಯಮೂರ್ತಿಯಾಗಿ ತೀರ್ಪು ಬರೆದವರೂ ಇವರೇ.

ಒಳಗೆ ಬಂದವರ ಮೌನ

1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯಿತು. ಏಷ್ಯದವರಿಗಿದ್ದ ಹಳೆಯ ಅಡ್ಡಗೋಡೆಗಳು ಬಿದ್ದವು. ನಮ್ಮ ಕಡೆಯ ಡಾಕ್ಟರು, ಎಂಜಿನಿಯರುಗಳು ಅತ್ತ ಹೊರಡಲು ಸಾಧ್ಯವಾದದ್ದೂ ಈ ಕಾನೂನಿನಿಂದಲೇ. ಸ್ಯಾನ್‌ಫ್ರಾನ್ಸಿಸ್ಕೊದ ಚೈನಾಟೌನ್‌ಗೆ ಹಾಂಗ್‌ಕಾಂಗ್‌ನಿಂದ ಕುಟುಂಬಗಳು ಬಂದಿಳಿದವು. ಅವರ ಮಕ್ಕಳನ್ನು ಈಗ ಯಾರೂ ಬಾಗಿಲಲ್ಲಿ ತಡೆಯಲಿಲ್ಲ. ಹೆಸರು ಬರೆದುಕೊಂಡರು, ಬೆಂಚು ತೋರಿಸಿದರು, ಪುಸ್ತಕ ಕೊಟ್ಟರು. ಕ್ಯಾಂಟನೀಸ್ ಮಾತ್ರ ಬಲ್ಲ ಮಗು ಇಂಗ್ಲಿಷ್ ಪಾಠ ಕೇಳುತ್ತ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿರುತ್ತಿತ್ತು.

ಮೇಮಿಗೆ ಭಾಷೆ ಬರುತ್ತಿತ್ತು, ಬಾಗಿಲು ಮುಚ್ಚಿತ್ತು. ಈ ಮಕ್ಕಳಿಗೆ ಬಾಗಿಲು ತೆರೆದಿತ್ತು, ಭಾಷೆ ಬರುತ್ತಿರಲಿಲ್ಲ.

1970ರ ಮಾರ್ಚ್‌ನಲ್ಲಿ, ಒಂದನೇ ತರಗತಿಯ ಕಿನ್ನಿ ಕಿನ್‌ಮನ್ ಲೌ ಎಂಬ ಬಾಲಕ ಮತ್ತು ಅವನಂಥ ಮಕ್ಕಳ ಪರವಾಗಿ, ಚೈನಾಟೌನ್‌ನಲ್ಲಿ ಬಡವರಿಗೆ ಕಾನೂನು ನೆರವು ನೀಡುತ್ತಿದ್ದ ಎಡ್ವರ್ಡ್ ಸ್ಟೈನ್‌ಮನ್ ಎಂಬ ತರುಣ ವಕೀಲರು ಶಾಲಾ ಜಿಲ್ಲೆಯ ವಿರುದ್ಧ ದಾವೆ ಹೂಡಿದರು. 'ಲೌ ವಿರುದ್ಧ ನಿಕೋಲ್ಸ್' ಎಂದು ಹೆಸರಾದ ಮೊಕದ್ದಮೆ ಇದು. ನ್ಯಾಯಾಲಯದ ಮುಂದೆ ಬಂದ ಲೆಕ್ಕ ಹೀಗಿತ್ತು: ನಗರದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳು 2,856. ಅವರಲ್ಲಿ ಇಂಗ್ಲಿಷ್ ಕಲಿಯಲು ಹೆಚ್ಚುವರಿ ಪಾಠ ಸಿಗುತ್ತಿದ್ದುದು ಸುಮಾರು 1,000 ಮಕ್ಕಳಿಗೆ. ಉಳಿದ 1,800 ಮಕ್ಕಳಿಗೆ ಏನೂ ಇರಲಿಲ್ಲ.

ಶಾಲಾ ಜಿಲ್ಲೆಯ ವಾದ ಕೇಳಲು ಸರಳ. ನಾವು ಯಾರನ್ನೂ ಬೇರೆಯಾಗಿ ಕಂಡಿಲ್ಲ. ಎಲ್ಲರಿಗೂ ಕೊಟ್ಟದ್ದನ್ನೇ ಇವರಿಗೂ ಕೊಟ್ಟಿದ್ದೇವೆ. ಇಂಗ್ಲಿಷ್ ಬಾರದಿರುವುದಕ್ಕೆ ನಾವು ಕಾರಣರಲ್ಲ. ಜಿಲ್ಲಾ ನ್ಯಾಯಾಲಯ ಇದನ್ನು ಒಪ್ಪಿತು. ಮೇಲ್ಮನವಿ ನ್ಯಾಯಾಲಯವೂ 1973ರಲ್ಲಿ ಒಪ್ಪಿ, ಪ್ರತಿಯೊಂದು ಮಗುವೂ ತನ್ನದೇ ಆದ ಅನುಕೂಲ, ಅನಾನುಕೂಲಗಳನ್ನು ಹೊತ್ತು ಶಾಲೆಗೆ ಬರುತ್ತದೆ, ಅದನ್ನೆಲ್ಲ ಸರಿಪಡಿಸುವ ಹೊಣೆ ಶಾಲೆಯದಲ್ಲ ಎಂಬರ್ಥದ ಮಾತನ್ನು ಸೇರಿಸಿತು.

ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1974ರ ಜನವರಿ 21ರಂದು. ಒಂಬತ್ತು ನ್ಯಾಯಮೂರ್ತಿಗಳೂ ಮಕ್ಕಳ ಪರ ನಿಂತರು. ಮುಖ್ಯ ತೀರ್ಪು ಬರೆದ ವಿಲಿಯಂ ಡಗ್ಲಸ್ ಅವರ ತರ್ಕ ಚಿಕ್ಕದು, ಆದರೆ ತಿರುಗಿ ಹೇಳಲಾಗದಂಥದು. ಮಗು ಶಾಲೆಗೆ ಬರುವುದನ್ನು ಕಡ್ಡಾಯ ಮಾಡಿದವರು ನೀವು. ಇಂಗ್ಲಿಷ್‌ನಲ್ಲಿ ಪರಿಣತಿ ಇಲ್ಲದೆ ಪ್ರೌಢಶಾಲೆಯ ಪ್ರಮಾಣಪತ್ರ ಕೊಡುವುದಿಲ್ಲ ಎಂದವರೂ ನೀವೇ. ಕಲಿಸಬೇಕಾದ ವಿದ್ಯೆಯನ್ನು ಮಗು ಮೊದಲೇ ಕಲಿತುಕೊಂಡು ಬರಬೇಕು ಎನ್ನುವುದು ಶಿಕ್ಷಣವನ್ನೇ ಅಣಕಿಸಿದಂತೆ. ಅದೇ ಕಟ್ಟಡ, ಅದೇ ಪುಸ್ತಕ, ಅದೇ ಶಿಕ್ಷಕರನ್ನು ಒದಗಿಸಿದ ಮಾತ್ರಕ್ಕೆ ಸಮಾನತೆ ಬಂದಂತಾಗುವುದಿಲ್ಲ.

ಜನಾಂಗ, ಬಣ್ಣ ಅಥವಾ ಮೂಲದೇಶದ ಆಧಾರದ ಮೇಲೆ, ಕೇಂದ್ರದ ಹಣ ಪಡೆಯುವ ಸಂಸ್ಥೆಗಳು ಭೇದ ಎಣಿಸಬಾರದು ಎನ್ನುವ 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ಈ ತೀರ್ಪಿಗೆ ಆಧಾರ. ಸಂವಿಧಾನದ ಸಮಾನತೆಯ ಪ್ರಶ್ನೆಯನ್ನು ನ್ಯಾಯಾಲಯ ಮುಟ್ಟಲಿಲ್ಲ. ಏನು ಮಾಡಬೇಕೆಂದೂ ಹೇಳಲಿಲ್ಲ. ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಒಂದು ದಾರಿ, ಚೀನೀ ಭಾಷೆಯಲ್ಲಿ ಪಾಠ ಮಾಡುವುದು ಇನ್ನೊಂದು ದಾರಿ, ಬೇರೆಯೂ ಇರಬಹುದು ಎಂದಷ್ಟೇ ಹೇಳಿ ಬಿಟ್ಟಿತು. ಈ ಮೌನದಿಂದಲೇ ಮುಂದಿನ 50 ವರ್ಷಗಳ ಪ್ರಯೋಗಗಳೂ ಜಗಳಗಳೂ ಹುಟ್ಟಿಕೊಂಡವು.

ಒಂದೇ ಮಗು ಇದ್ದರೆ?

ತೀರ್ಪಿಗೆ ಸಹಮತಿಸುತ್ತಲೇ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಒಂದು ಷರಾ ಬರೆದರು. ಇಲ್ಲಿ 1,800 ಮಕ್ಕಳಿದ್ದಾರೆ, ಆದ್ದರಿಂದ ಒಪ್ಪಿದೆ. ನಾಳೆ ಜರ್ಮನ್ ಅಥವಾ ಪೋಲಿಷ್ ಮಾತ್ರ ಬಲ್ಲ ಒಂದೇ ಒಂದು ಮಗು ಬಂದರೆ ಇದೇ ತೀರ್ಪು ಅನ್ವಯಿಸುತ್ತದೆ ಎಂದು ತಾನು ಭಾವಿಸುವುದಿಲ್ಲ ಎಂಬುದು ಅದರ ತಾತ್ಪರ್ಯ. ಆದರೆ ತೀರ್ಪಿನ ವರ್ಷವೇ ಅಮೆರಿಕದ ಸಂಸತ್ತು ತಂದ ಸಮಾನ ಶಿಕ್ಷಣಾವಕಾಶ ಕಾಯ್ದೆ, ಭಾಷೆಯ ತೊಡಕನ್ನು ನಿವಾರಿಸಲು ಕ್ರಮ ಕೈಗೊಳ್ಳದಿರುವುದನ್ನೇ ತಪ್ಪೆಂದು ಹೇಳಿತು. ಅದರಲ್ಲಿ ತಲೆ ಎಣಿಕೆಯ ಮಾತಿಲ್ಲ.

ಸಂಖ್ಯೆಯ ಈ ಪ್ರಶ್ನೆ ನಮಗೇನೂ ಹೊಸದಲ್ಲ. ಭಾಷಾವಾರು ಪ್ರಾಂತ್ಯಗಳಾದ 1956ರಲ್ಲಿಯೇ ನಮ್ಮ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯವನ್ನು ರಾಜ್ಯಗಳು ಒದಗಿಸಬೇಕು ಎನ್ನುತ್ತದೆ ಅದು. ಮುಂಬೈ ಮಹಾನಗರ ಪಾಲಿಕೆ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಕನ್ನಡವೂ ಅವುಗಳಲ್ಲಿ ಒಂದು. ಕರಾವಳಿಯಿಂದ ಹೋಗಿ ಹೋಟೆಲುಗಳಲ್ಲಿ ಕೆಲಸಕ್ಕೆ ನಿಂತ ಹುಡುಗರು ಲೋಟ ತೊಳೆದು ಮುಗಿಸಿ ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ್ದನ್ನು ಮುಂಬೈ ಕನ್ನಡಿಗರ ಹಳೆಯ ತಲೆಮಾರು ಇಂದಿಗೂ ಹೇಳುತ್ತದೆ. ಕರ್ನಾಟಕದಲ್ಲಿಯೂ ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಒಂದೇ ಭಾಷೆಯ ಜನ ಒಂದೆಡೆ ನೆಲೆ ನಿಂತಾಗ ಈ ಏರ್ಪಾಡು ನಡೆಯುತ್ತದೆ. ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಿಂದ ಬರುವ ಒಡಿಯಾ ಮಗುವಿಗೆ, ಪಕ್ಕದ ಬೆಂಚಿನ ಬಂಗಾಳಿ ಮಗುವಿಗೆ ಬೇಕಾದದ್ದು ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ವರ್ಗಾವಣೆ ಪತ್ರ ತಡವಾದರೂ ಪ್ರವೇಶ ನಿರಾಕರಿಸುವಂತಿಲ್ಲವೆಂದು 5ನೇ ಕಲಮು. ಕೆಲಸದ ಜಾಗದ ಬಳಿಯೇ ನಡೆದ ಟೆಂಟ್ ಶಾಲೆಗಳೂ ಇದೇ ದಿಕ್ಕಿನ ಪ್ರಯತ್ನ. ಇವೆಲ್ಲ ಕಾಗದದ ಮೇಲೆ ಇರುವಂತೆ ನೆಲದ ಮೇಲೂ ಇವೆ ಎಂದು ಹೇಳುವ ಧೈರ್ಯ ನನಗಿಲ್ಲ.

ನಾಲ್ಕು ಪ್ರಶ್ನೆಗಳ ಕಾಗದ

ಅಮೆರಿಕದ ಶಾಲೆಯಲ್ಲಿ ಹೊಸ ಮಗುವಿಗೆ ಮೊದಲು ಎದುರಾಗುವುದು ಒಂದು ಅರ್ಜಿ. ಕ್ಯಾಲಿಫೋರ್ನಿಯದಲ್ಲಿ ಅದರಲ್ಲಿ ನಾಲ್ಕು ಪ್ರಶ್ನೆಗಳಿರುತ್ತವೆ. ಮಗು ಮಾತು ಕಲಿತದ್ದು ಯಾವ ಭಾಷೆಯಲ್ಲಿ? ಮನೆಯಲ್ಲಿ ಹೆಚ್ಚಾಗಿ ಆಡುವುದು ಯಾವುದು? ನೀವು ಮಗುವಿನೊಡನೆ ಆಡುವುದು ಯಾವುದು? ಮನೆಯ ದೊಡ್ಡವರು ಆಡಿಕೊಳ್ಳುವುದು ಯಾವುದು? ಇಂಗ್ಲಿಷ್ ಅಲ್ಲದ ಉತ್ತರ ಕಂಡರೆ 30 ದಿನಗಳೊಳಗೆ ಮಗುವಿಗೆ ಪರೀಕ್ಷೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ಹೀಗೆ ನಾಲ್ಕು ಭಾಗ.

ಕೆಲಸದ ಮೇಲೆ ಹೋದ ಕನ್ನಡಿಗ ಕುಟುಂಬಗಳಿಗೂ ಈ ಕಾಗದ ಪರಿಚಿತವೇ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗುವಾದರೂ 'ಕನ್ನಡ' ಎಂದು ಬರೆದರೆ ಪರೀಕ್ಷೆಗೆ ಕೂರಬೇಕಾಗುತ್ತದೆ. 'ನಮ್ಮ ಮಗುವಿಗೆ ಇಂಗ್ಲಿಷ್ ಬರೋಲ್ಲ ಅಂದುಕೊಂಡ್ರಾ?' ಎಂದು ಮುನಿಸಿಕೊಂಡು, ಮನೆಮಾತಿನ ಜಾಗದಲ್ಲಿ ಇಂಗ್ಲಿಷ್ ಎಂದೇ ಬರೆಯಲು ಮನಸ್ಸಾಗುವುದು ಸಹಜ. ಮಗುವಿಗೆ ಭಾಷೆ ಬಂದರೆ ಪರೀಕ್ಷೆ ಒಂದೇ ದಿನದ ಮಾತು. ಬಾರದಿದ್ದರೆ, ಆ ಒಂದು ಸುಳ್ಳಿನಿಂದ ಮಗುವಿಗೆ ಸಿಗಬೇಕಾದ ನೆರವು ತಪ್ಪುತ್ತದೆ.

ಪರೀಕ್ಷೆಯ ನಂತರದ ನೆರವು ಶಾಲೆಯಿಂದ ಶಾಲೆಗೆ ಬೇರೆ. ದಿನದಲ್ಲಿ ಒಂದಷ್ಟು ಹೊತ್ತು ಮಗುವನ್ನು ತರಗತಿಯಿಂದ ಹೊರಗೆ ಕರೆದೊಯ್ದು ಇಂಗ್ಲಿಷ್ ಹೇಳಿಕೊಡುವುದು ಹಳೆಯ ಪದ್ಧತಿ. ಆ ಹೊತ್ತಿನಲ್ಲಿ ತರಗತಿಯಲ್ಲಿ ನಡೆದ ಲೆಕ್ಕದ ಪಾಠ ಅದಕ್ಕೆ ತಪ್ಪುತ್ತದೆ ಎಂಬುದು ಇದರ ದೋಷ. ಅದಕ್ಕಾಗಿ ಭಾಷಾ ಶಿಕ್ಷಕರೇ ತರಗತಿಯೊಳಗೆ ಬಂದು ಮಗುವಿನ ಪಕ್ಕ ಕೂರುವ ಪದ್ಧತಿ ಬಂತು. ವಿಜ್ಞಾನವನ್ನೇ ಸರಳ ಇಂಗ್ಲಿಷ್‌ನಲ್ಲಿ, ಚಿತ್ರ, ವಸ್ತು, ಅಭಿನಯಗಳ ನೆರವಿನಿಂದ ಕಲಿಸುವುದು ಇನ್ನೊಂದು. ಎರಡೂ ಭಾಷೆಗಳಲ್ಲಿ ಪಾಠ ನಡೆಸುವ ಶಾಲೆಗಳಿವೆ. ಅಲ್ಲಿ ಇಂಗ್ಲಿಷ್ ಮನೆಮಾತಿನ ಮಗು ಕ್ಯಾಂಟನೀಸ್ ಅಥವಾ ಸ್ಪ್ಯಾನಿಷ್ ಕಲಿಯುತ್ತದೆ, ವಲಸಿಗರ ಮಗು ಇಂಗ್ಲಿಷ್ ಕಲಿಯುತ್ತದೆ. ಯಾವ ಪದ್ಧತಿಯಾದರೂ ಸರಿ, ಅದಕ್ಕೊಂದು ಒರೆಗಲ್ಲು ಬೇಕಿತ್ತು. ಅದನ್ನು ಕೊಟ್ಟದ್ದು ಟೆಕ್ಸಾಸ್‌ನ ಶಾಲಾ ಜಿಲ್ಲೆಯೊಂದರ ಮೇಲಿನ ಮೊಕದ್ದಮೆಯಲ್ಲಿ 1981ರಲ್ಲಿ ಬಂದ 'ಕಾಸ್ತನ್ಯೇಡ' ತೀರ್ಪು. ನಿಮ್ಮ ಪದ್ಧತಿಯನ್ನು ತಿಳಿದವರು ಒಪ್ಪುತ್ತಾರೆಯೇ? ಅದನ್ನು ನಡೆಸಲು ಶಿಕ್ಷಕರನ್ನೂ ಸಾಮಗ್ರಿಯನ್ನೂ ಕೊಟ್ಟಿದ್ದೀರಾ? ಸ್ವಲ್ಪ ಕಾಲದ ನಂತರ ಫಲ ಸಿಕ್ಕಿತೇ ಎಂದು ನೋಡಿದ್ದೀರಾ? ಮೂರನೆಯ ಪ್ರಶ್ನೆಯೇ ಶಾಲೆಗಳಿಗೆ ಕಷ್ಟದ್ದು.

ಫಲ ಕಾಣಲು ಎಷ್ಟು ಕಾಲ ಬೇಕು? ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರ ಸುಮಾರಿಗೆ ಮುಂದಿಟ್ಟ ಒಂದು ವಿಂಗಡಣೆ ಇಲ್ಲಿ ಉಪಯುಕ್ತ. ಆಟದ ಬಯಲಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ. 'ಚೆಂಡು ಕೊಡು', 'ನನ್ನ ಸರದಿ' ಎನ್ನುವ ಮಾತುಗಳಿಗೆ ಎದುರಿನವನ ಮುಖ, ಕೈಸನ್ನೆ, ಸಂದರ್ಭ ಎಲ್ಲವೂ ಆಸರೆಯಾಗಿರುತ್ತವೆ. ಇದು ಎರಡು ವರ್ಷದಲ್ಲಿ ಬಂದುಬಿಡುತ್ತದೆ. 'ಆವಿಯಾಗುವಿಕೆಯ ಕಾರಣಗಳನ್ನು ವಿವರಿಸು' ಎಂಬ ಪ್ರಶ್ನೆಗೆ ಅಂಥ ಆಸರೆಯಿಲ್ಲ. ಇದರಲ್ಲಿ ಸಹಪಾಠಿಗಳ ಮಟ್ಟ ಮುಟ್ಟಲು ಐದರಿಂದ ಏಳು ವರ್ಷವಾದರೂ ಬೇಕು. ಮೂರನೇ ವರ್ಷ ಸಲೀಸಾಗಿ ಹರಟುವ ಹುಡುಗಿ ಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ, ಭಾಷೆ ಬಂದಾಯಿತಲ್ಲ, ಇನ್ನು ಬುದ್ಧಿಯೇ ಕಮ್ಮಿ ಇರಬೇಕು ಎಂದು ಶಾಲೆ ತೀರ್ಮಾನಿಸುವ ಅಪಾಯವನ್ನು ಕಮಿನ್ಸ್ ತೋರಿಸಿಕೊಟ್ಟರು. ಮನೆಮಾತಿನಲ್ಲಿ ಚೆನ್ನಾಗಿ ಓದು ಬಲ್ಲ ಮಗು ಹೊಸ ಭಾಷೆಯಲ್ಲೂ ಬೇಗ ಓದುತ್ತದೆ ಎಂಬುದು ಅವರ ಇನ್ನೊಂದು ವಾದ. ಆವಿಯಾಗುವುದು ಏನೆಂದು ಒಮ್ಮೆ ಕ್ಯಾಂಟನೀಸ್‌ನಲ್ಲಿ ತಿಳಿದವನಿಗೆ ಇಂಗ್ಲಿಷ್‌ನಲ್ಲಿ ಬೇಕಾದದ್ದು ಪದ ಮಾತ್ರ.

ಇನ್ನು ಮೊದಲ ತಿಂಗಳುಗಳ ಮೌನ. ಹೊಸ ಭಾಷೆಯ ನಡುವೆ ಬಿದ್ದ ಮಗು ಬಾಯಿ ಬಿಡದೆ ಕೇಳಿಸಿಕೊಳ್ಳುತ್ತಿರುವುದು ಸಾಮಾನ್ಯ. ಅನುಭವಿ ಶಿಕ್ಷಕರು ಅದನ್ನು ಎಬ್ಬಿಸಿ ಉತ್ತರ ಕೇಳುವುದಿಲ್ಲ. ತೋರಿಸು, ಚಿತ್ರ ಬರೆ, ತಲೆಯಾಡಿಸು ಎನ್ನುತ್ತಾರೆ. ಅದೇ ಭಾಷೆಯ ಹಳೆಯ ವಿದ್ಯಾರ್ಥಿಯೊಬ್ಬನನ್ನು ಜೊತೆಗೆ ಕೂರಿಸುತ್ತಾರೆ. ಶೌಚಾಲಯ ಎಲ್ಲಿದೆ, ಊಟದ ತಟ್ಟೆ ಎಲ್ಲಿಡಬೇಕು ಎಂಬುದನ್ನು ಮಗು ಕೇಳಿ ತಿಳಿಯುವುದು ಇವನಿಂದಲೇ. ಪಾಲಕರ ಸಭೆಗೆ ದುಭಾಷಿಯನ್ನು ಒದಗಿಸುವುದು ಶಾಲೆಯ ಹೊಣೆ. ಆ ಕೆಲಸವನ್ನು ಮಗುವಿಗೇ ಹಚ್ಚಬಾರದು ಎಂಬ ನಿಯಮದ ಹಿಂದೆ ಅನುಭವವಿದೆ: ತನ್ನ ಬಗ್ಗೆ ಶಿಕ್ಷಕಿ ಹೇಳುವ ದೂರನ್ನು ಯಾವ ಮಗು ತಾಯಿಗೆ ಸರಿಯಾಗಿ ಅನುವಾದಿಸೀತು?

ಪ್ರತ್ಯೇಕವೋ, ಜೊತೆಯಲ್ಲೋ

1979ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಒಂದು ಹೆಜ್ಜೆ ಮುಂದೆ ಹೋಗಿ, ಹೊಸದಾಗಿ ಬಂದಿಳಿದ ಹದಿಹರೆಯದವರಿಗೆಂದೇ 'ನ್ಯೂಕಮರ್ ಹೈಸ್ಕೂಲ್' ತೆರೆಯಿತು. ವಿಯೆಟ್ನಾಂ ಯುದ್ಧದ ನಂತರ ನಿರಾಶ್ರಿತರು ಬರುತ್ತಿದ್ದ ಕಾಲ ಅದು. 15 ವರ್ಷದ ಹುಡುಗ ಶಾಲೆಯ ಮುಖವನ್ನೇ ಸರಿಯಾಗಿ ಕಾಣದೆ ಬಂದಿರಬಹುದು. ಅವನನ್ನು ನೇರವಾಗಿ 10ನೇ ತರಗತಿಯಲ್ಲಿ ಕೂರಿಸಿದರೆ ಅವನು ಶಾಲೆ ಬಿಡುವುದೇ ಹೆಚ್ಚು. ಅಂಥವರಿಗೆ ಸ್ವಲ್ಪ ಕಾಲ ಭಾಷೆ, ಶಾಲೆಯ ರೀತಿನೀತಿ, ಊರಿನ ಬಸ್ಸಿನ ದಾರಿ ಎಲ್ಲವನ್ನೂ ಕಲಿಸಿ ಆಮೇಲೆ ಮಾಮೂಲು ಶಾಲೆಗೆ ದಾಟಿಸುವುದು ಇದರ ಉದ್ದೇಶ. ಬೇರೆ ನಗರಗಳೂ ಇದನ್ನು ಅನುಸರಿಸಿದವು. ಆದರೆ 1885ರ ಚೀನೀ ಶಾಲೆಯನ್ನು ಕಂಡ ನಗರದಲ್ಲಿ ವಲಸಿಗರ ಮಕ್ಕಳನ್ನು ಮತ್ತೆ ಬೇರೆ ಕಟ್ಟಡಕ್ಕೆ ಕಳಿಸುವುದೆಂದರೆ? ಆಗ ಕಳಿಸಿದ್ದು ದೂರವಿಡಲು, ಈಗ ಕಳಿಸುವುದು ಒಳತರಲು ಎಂದು ಉತ್ತರಿಸಬಹುದು. ಸಮಯದ ಮಿತಿ ಮೀರಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ ಎಂಬುದೂ ನಿಜ.

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ, ಲಗ್ವಾರ್ಡಿಯ ಕಮ್ಯುನಿಟಿ ಕಾಲೇಜಿನ ಆವರಣದಲ್ಲಿ 1985ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಹೈಸ್ಕೂಲ್ ಬೇರೆ ದಾರಿ ಹಿಡಿಯಿತು. ದೇಶಕ್ಕೆ ಬಂದು ನಾಲ್ಕು ವರ್ಷ ತುಂಬದವರಿಗೆ ಮಾತ್ರ ಪ್ರವೇಶ. ದಾಟಿ ಹೋಗಬೇಕಾದ ಸೇತುವೆಯಲ್ಲ, ಕೊನೆಯವರೆಗೂ ಓದುವ ಪೂರ್ಣ ಪ್ರೌಢಶಾಲೆ ಇದು. ಬೇರೆ ಬೇರೆ ಮನೆಮಾತಿನ ನಾಲ್ಕೈದು ಮಂದಿಯನ್ನು ಒಂದೇ ಮೇಜಿನ ಸುತ್ತ ಕೂರಿಸಿ ಒಂದು ಕೆಲಸ ಒಪ್ಪಿಸುತ್ತಾರೆ. ಚೀನೀ ಹುಡುಗ, ಪೋಲೆಂಡಿನ ಹುಡುಗಿ, ಕೊಲಂಬಿಯದವನು, ಬಾಂಗ್ಲಾದವಳು ಇವರೆಲ್ಲರ ನಡುವೆ ಸಮಾನವಾದ ಭಾಷೆ ಇಂಗ್ಲಿಷ್ ಒಂದೇ. ಆದ್ದರಿಂದ ಅದನ್ನು ಆಡಲೇಬೇಕು, ತಪ್ಪಾದರೂ ನಗುವವರಿಲ್ಲ. ಗಣಿತದ ಶಿಕ್ಷಕರೂ ಭಾಷಾ ಶಿಕ್ಷಕರೇ ಎಂಬುದು ಅಲ್ಲಿನ ನಂಬಿಕೆ. ಇದೇ ಮಾದರಿಯ ಶಾಲೆ 2009ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿಯೂ ಆರಂಭವಾಯಿತು.

ಪಾಲಕರೇ ಸಿಟ್ಟಿಗೆದ್ದಾಗ

ವಲಸಿಗರೆಲ್ಲ ಮಾತೃಭಾಷೆಯ ಶಿಕ್ಷಣದ ಪರ ಎಂದು ತಿಳಿದರೆ ತಪ್ಪಾದೀತು. 1996ರಲ್ಲಿ ಲಾಸ್ ಏಂಜಲೀಸ್‌ನ ನೈನ್ತ್ ಸ್ಟ್ರೀಟ್ ಶಾಲೆಯಿಂದ ಸ್ಪ್ಯಾನಿಷ್ ಮನೆಮಾತಿನ ಪಾಲಕರೇ ಮಕ್ಕಳನ್ನು ಮನೆಯಲ್ಲಿರಿಸಿಕೊಂಡು ಬಹಿಷ್ಕಾರ ಹೂಡಿದರು. ಅವರು ಕೇಳಿದ್ದು, ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಎಂದು. ದ್ವಿಭಾಷಾ ಶಿಕ್ಷಣದ ಹೆಸರಿನಲ್ಲಿ ವರ್ಷಗಟ್ಟಲೆ ಸ್ಪ್ಯಾನಿಷ್‌ನಲ್ಲೇ ಪಾಠ ನಡೆದು, ಇಂಗ್ಲಿಷ್ ಓದು ಮುಂದಕ್ಕೆ ಹೋಗುತ್ತಿದೆ ಎಂಬುದು ಅವರ ದೂರು. ಇಂಗ್ಲಿಷ್ ಮಾಧ್ಯಮಕ್ಕಾಗಿ ಹೊಟ್ಟೆ ಕಟ್ಟಿ ಫೀಸು ತುಂಬುವ ನಮ್ಮ ಪಾಲಕರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. ಈ ಪ್ರಸಂಗವನ್ನು ಎತ್ತಿಕೊಂಡ ರಾನ್ ಅನ್ಜ್ ಎಂಬ ಸಿಲಿಕಾನ್ ಕಣಿವೆಯ ಉದ್ಯಮಿ 1998ರಲ್ಲಿ ಪ್ರಸ್ತಾವ 227ನ್ನು ಜನರ ಮುಂದಿಟ್ಟರು. ವಲಸಿಗರ ಮಕ್ಕಳಿಗೆ ಸಾಮಾನ್ಯವಾಗಿ ಒಂದು ವರ್ಷ ಮೀರದಂತೆ ಇಂಗ್ಲಿಷ್ ತರಬೇತಿ, ನಂತರ ಎಲ್ಲರ ಜೊತೆ ಇಂಗ್ಲಿಷ್ ಪಾಠ. ಶೇ 61 ಮತಗಳಿಂದ ಅದು ಗೆದ್ದಿತು. ಐದರಿಂದ ಏಳು ವರ್ಷ ಬೇಕೆಂದು ವಿದ್ವಾಂಸರು ಹೇಳುತ್ತಿದ್ದ ಕೆಲಸಕ್ಕೆ ಮತದಾರರು ಒಂದು ವರ್ಷ ಕೊಟ್ಟರು! 18 ವರ್ಷಗಳ ನಂತರ, 2016ರಲ್ಲಿ, ಅದೇ ರಾಜ್ಯದ ಮತದಾರರು ಶೇ 73ರಷ್ಟು ಬಹುಮತದಿಂದ ಆ ಕಟ್ಟಳೆಯನ್ನು ಕಿತ್ತುಹಾಕಿ, ದ್ವಿಭಾಷಾ ಶಿಕ್ಷಣಕ್ಕೆ ಮತ್ತೆ ದಾರಿ ಮಾಡಿದರು.

ಕಾಗದಪತ್ರವಿಲ್ಲದವರು

ಭಾಷೆಗಿಂತ ಮೊದಲಿನ ಪ್ರಶ್ನೆಯೊಂದು ಉಳಿದಿದೆ. ಪರವಾನಗಿಯಿಲ್ಲದೆ ದೇಶದೊಳಗೆ ಬಂದವರ ಮಕ್ಕಳ ಗತಿ? ಅಂಥ ಮಕ್ಕಳಿಗೆ ಹಣ ಕೊಡುವುದಿಲ್ಲವೆಂದು ಟೆಕ್ಸಾಸ್ ರಾಜ್ಯ 1975ರಲ್ಲಿ ಕಾನೂನು ಮಾಡಿತು. 1977ರಲ್ಲಿ ಟೈಲರ್ ಎಂಬ ಊರಿನ ಶಾಲಾ ಜಿಲ್ಲೆ ತಲೆಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ಕೇಳಿತು. ನಾಲ್ಕು ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. ವಿಚಾರಣೆಯ ದಿನ ಅಲ್ಲಿಂದಲೇ ಗಡಿಪಾರು ಮಾಡಿದರೂ ಮಾಡಬಹುದೆಂದು, ಗಂಟುಮೂಟೆಯನ್ನು ಕಾರಿನಲ್ಲಿ ತುಂಬಿಕೊಂಡೇ ಅವರು ಬಂದಿದ್ದರು. 1982ರ ಜೂನ್ 15ರಂದು ಸುಪ್ರೀಂ ಕೋರ್ಟ್ ಐವರು-ನಾಲ್ವರ ಬಹುಮತದಿಂದ ಮಕ್ಕಳ ಪರ ತೀರ್ಪಿತ್ತಿತು. ತಂದೆತಾಯಿ ಮಾಡಿದ್ದಕ್ಕೆ ಮಕ್ಕಳನ್ನು ದಂಡಿಸಲಾಗದು ಎಂದಿತು. ಅಂದಿನಿಂದ ಶಾಲೆಗಳು ಮಗುವಿನ ವಯಸ್ಸು, ವಿಳಾಸ, ಲಸಿಕೆಯ ದಾಖಲೆ ಕೇಳಬಹುದು. ವಲಸೆಯ ಕಾಗದವಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ.

2021ರ ಲೆಕ್ಕದಂತೆ ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಕೆಯ ನೆರವು ಬೇಕಾದ ಮಕ್ಕಳು 50 ಲಕ್ಷಕ್ಕೂ ಹೆಚ್ಚು. ಹತ್ತರಲ್ಲಿ ಒಬ್ಬರು. ಇವರಲ್ಲಿ ಬಹುಪಾಲು ಮಂದಿ ಮೇಮಿಯ ಹಾಗೆ ಅಮೆರಿಕದಲ್ಲೇ ಹುಟ್ಟಿದವರು ಎಂಬುದು ಅನೇಕರಿಗೆ ಆಶ್ಚರ್ಯ ತರಬಹುದು. ಗಾಳಿ ಈಚೆಗೆ ಬೇರೆ ದಿಕ್ಕಿಗೆ ಬೀಸಿದೆ. 2025ರ ಜನವರಿಯಲ್ಲಿ, ಶಾಲೆಗಳ ಬಳಿ ವಲಸಿಗರನ್ನು ಬಂಧಿಸುವುದಕ್ಕೆ ಇದ್ದ ಹಳೆಯ ತಡೆಯನ್ನು ಕೇಂದ್ರ ಸರ್ಕಾರ ತೆಗೆಯಿತು. ಮಾರ್ಚ್‌ನಲ್ಲಿ ಅಧ್ಯಕ್ಷರ ಆಜ್ಞೆ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಘೋಷಿಸಿತು. ಇಂಗ್ಲಿಷ್ ಕಲಿಯುವ ಮಕ್ಕಳ ವಿಷಯದಲ್ಲಿ ಶಾಲೆಗಳ ಕರ್ತವ್ಯವೇನೆಂದು 2015ರಲ್ಲಿ ಕಳಿಸಿದ್ದ ಮಾರ್ಗಸೂಚಿಯನ್ನು ಆಗಸ್ಟ್‌ನಲ್ಲಿ ಹಿಂದಕ್ಕೆ ಪಡೆಯಲಾಯಿತು. 1974ರ ಕಾಯ್ದೆ ಮಾತ್ರ ಪುಸ್ತಕದಲ್ಲಿ ಹಾಗೆಯೇ ಇದೆ. ಅದನ್ನು ಯಾರು, ಎಷ್ಟು ಗಟ್ಟಿಯಾಗಿ ಜಾರಿಗೆ ತರುತ್ತಾರೆ ಎಂಬುದೇ ಈಗಿನ ಪ್ರಶ್ನೆ.

ಮೇಮಿ ಟೇಪ್‌ಳನ್ನು ದೂರವಿಡಲೆಂದು ತೆರೆದ ಆ ಚೀನೀ ಶಾಲೆ ಏನಾಯಿತು? ಓರಿಯಂಟಲ್ ಶಾಲೆಯಾಗಿ ಕ್ಲೇ ಬೀದಿಯಲ್ಲಿ ನೆಲೆ ನಿಂತ ಅದಕ್ಕೆ 1924ರಲ್ಲಿ ಕಮೋಡೋರ್ ಸ್ಟಾಕ್‌ಟನ್ ಎಂಬ ಹೆಸರು ಬಂತು. 1998ರಲ್ಲಿ ಇನ್ನೊಮ್ಮೆ ಹೆಸರು ಬದಲಾಗಿ ಈಗದು ಗಾರ್ಡನ್ ಜೆ. ಲೌ ಪ್ರಾಥಮಿಕ ಶಾಲೆ. ಮೊಕದ್ದಮೆಯ ಬಾಲಕನ ಹೆಸರನ್ನೇ ಇಟ್ಟಿದ್ದಾರೆಂದು ತಿಳಿಯುವವರೂ ಇದ್ದಾರು. ಹಾಗಲ್ಲ. ಇವರು ಬೇರೆ ಲೌ, ಆ ನಗರದ ಆಡಳಿತ ಮಂಡಳಿಗೆ ಚುನಾಯಿತರಾದ ಮೊದಲ ಚೀನೀ ಅಮೆರಿಕನ್.